ಆಟ, ಜೂಜು ಮತ್ತು ನನ್ನದೊಂದು ಹವ್ಯಾಸ

ಮನುಷ್ಯನಿಗೆ ಕಾಯಕದ ಜೊತೆಗೆ ಒಂದು ಹವ್ಯಾಸವೂ ಇರಬೇಕೆಂದು ಬಲ್ಲವರು ಹೇಳುತ್ತಾರೆ. ನಿವೃತ್ತರಾದವರಿಗಂತೂ ಅದು ಊರುಗೋಲಿದ್ದಂತೆ. ಕೆಲವರು ಹೂದೋಟ ಬೆಳೆಸುತ್ತಾರೆ, ಕೆಲವರು ಭಜನೆಯಲ್ಲಿ ಮನಸ್ಸು ತೊಡಗಿಸುತ್ತಾರೆ. ಆಟಗಳ ಸುದ್ದಿಯನ್ನು ಸಂಗ್ರಹಿಸಿ, ನಾಲ್ಕು ಜನಕ್ಕೆ ತಿಳಿಯುವಂತೆ ಕನ್ನಡದಲ್ಲಿ ಬರೆದಿಡುವುದು ನನ್ನ ಹವ್ಯಾಸ. ಕೆಲವು ವರ್ಷಗಳಿಂದ ನಾನು ಬರೆಯುತ್ತಿರುವುದು ಬಹುಪಾಲು ಮೊಬೈಲಿನಲ್ಲಿ ಆಡುವ ಆನ್‌ಲೈನ್ ಆಟಗಳ ಕುರಿತಾಗಿಯೇ. "ಈ ವಯಸ್ಸಿನಲ್ಲಿ ಇದೇನು ಹುಡುಗಾಟ?" ಎಂದು ಕೇಳಿದವರುಂಟು. ಅವರಿಗೆ ಉತ್ತರವಾಗಿ ಮತ್ತು ಮಕ್ಕಳಿರುವ ಮನೆಗಳಿಗೆ ಉಪಯೋಗವಾದೀತೆಂಬ ಆಶಯದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಹುಟ್ಟೂರು ಮಸ್ಕಿ. ಶಿಕ್ಷಕನಾಗಿ ಹೆಚ್ಚು ಕಾಲ ದುಡಿದದ್ದು ಲಿಂಗಸುಗೂರಿನಲ್ಲಿ. ಈಗ ಮಗನ ಮನೆಯಾದ ಸಿಂಧನೂರಿನಲ್ಲಿ ವಾಸ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಕೆತ್ತಿಸಿದ ಶಾಸನವನ್ನು 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಬೆಳಕಿಗೆ ತಂದರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ದೃಢಪಟ್ಟಿದ್ದು ಆ ಶಾಸನದಲ್ಲಿದ್ದ ಅವನ ಹೆಸರಿನಿಂದ. ಎರಡು ಸಾವಿರ ವರ್ಷ ದಾಟಿದರೂ ಆ ಬರಹ ಇದ್ದಲ್ಲಿಯೇ ಇದೆ. ನನ್ನ ಬರಹವಾದರೋ ಮೂವತ್ತು ವರ್ಷಗಳಲ್ಲಿ ಮೂರು ಸಲ ಮನೆ ಬದಲಿಸಿದೆ! ಮೊದಲು ಶಾಲೆಯ ಭಿತ್ತಿಪತ್ರಿಕೆ. ಕಬಡ್ಡಿ, ಕ್ರಿಕೆಟ್, ಚದುರಂಗದ ಸುದ್ದಿಗಳನ್ನು ದುಂಡಾದ ಅಕ್ಷರಗಳಲ್ಲಿ ಬರೆದು ಅಂಟಿಸುತ್ತಿದ್ದೆ. ಅನಂತರ ಗಣಕಯಂತ್ರ ಬಂದಿತು. ಈಗ ಮೊಬೈಲು.

ಗಣಕಯಂತ್ರದಿಂದ ಮೊಬೈಲಿಗೆ ಬರುವಾಗ ಒಂದು ತೊಡಕು ಎದುರಾಯಿತು. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದ ಲೇಖನಗಳನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸಿತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ರೂಪಗಳನ್ನು ಕೂಡಿಸಿದ್ದವು. ಆದ್ದರಿಂದ ಆ ಫಾಂಟು ಇಲ್ಲದ ಕಡೆ ಕನ್ನಡವೂ ಇಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತವನ್ನು ಗೊತ್ತುಮಾಡಿದ ಯೂನಿಕೋಡ್‌ಗೆ ಅವುಗಳನ್ನು ಪರಿವರ್ತಿಸಲು ಮೊಮ್ಮಗ ನೆರವಾದ. ಪ್ರತಿಯಾಗಿ ಅವನು ಕೇಳಿದ್ದು, "ಅಜ್ಜಾ, ನಮ್ಮ ಆಟದ ಸುದ್ದೀನೂ ಬರಿ" ಎಂಬ ಒಂದೇ ಮಾತು. ಹೀಗೆ ಬರವಣಿಗೆಯ ಹಾಸಿನೊಂದಿಗೆ ವಿಷಯವೂ ಬದಲಾಯಿತು.

ಆ ಸುದ್ದಿಯನ್ನು ಬೆನ್ನುಹತ್ತಿದಾಗ ನನಗೆ ಕಂಡದ್ದು ದೊಡ್ಡದೊಂದು ಲೋಕ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಬಗೆಯ ಆಟವು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಬಂದಿತು. 2022ರ ಜುಲೈನಲ್ಲಿ ಅಂಗಡಿಗಳಿಂದ ಮರೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ನನ್ನ ಬರಹದಂತೆ ಈ ಆಟಗಳೂ ಮನೆ ಬದಲಿಸುತ್ತವೆಯಲ್ಲ ಎಂದು ನಗು ಬಂದದ್ದುಂಟು. ಒಳ್ಳೆಯ ಸುದ್ದಿಯೂ ಇಲ್ಲದಿರಲಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಮೊದಲ ಬಾರಿಗೆ ಪದಕದ ಗೌರವ ದೊರೆಯಿತು.

ಆದರೆ ಇದೇ ಲೋಕದಲ್ಲಿ ಹಣ ಪಣಕ್ಕಿಡುವ ಆಟಗಳೂ ಬೆಳೆದಿದ್ದವು. ನಮ್ಮ ರಾಜ್ಯ ಸರ್ಕಾರವು 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವುಗಳನ್ನು ತಡೆಯಲು ಯತ್ನಿಸಿತು. 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು.

ಇದು ಬರಿಯ ಸುದ್ದಿಯಾಗಿ ಉಳಿಯದೆ ನಮ್ಮ ಮನೆಬಾಗಿಲಿಗೂ ಬಂದಿತು. 2023ರಲ್ಲಿ ಮಸ್ಕಿಯಲ್ಲಿರುವ ನನ್ನ ತಂಗಿಯ ಮಗ, ಹತ್ತಿ ಮಾರಿ ಬಂದ ಹಣವನ್ನು ಮೊಬೈಲಿನ ಇಸ್ಪೀಟಿನಲ್ಲಿ ಕಳೆದ. ಅದು ಗೊಬ್ಬರದಂಗಡಿಯ ಬಾಕಿಗೆಂದು ತಂದೆ ಅವನ ಖಾತೆಯಲ್ಲಿಟ್ಟಿದ್ದ ಹಣ. ಕೇಳಿದರೆ, "ಮಾವಾ, ಇದು ಜೂಜಲ್ಲ, ಬುದ್ಧಿಯ ಆಟ. ಕೋರ್ಟೇ ಹೇಳೈತಿ" ಎಂದ. ನಾನು ವಾದಕ್ಕಿಳಿಯದೆ ಕಾಗದದ ಮೇಲೆ ಒಂದು ಲೆಕ್ಕ ಬರೆದು ತೋರಿಸಿದೆ. ನಾಲ್ವರು ತಲಾ 100 ರೂಪಾಯಿ ಹಾಕಿದರೆ 400 ಆಯಿತು. ಆಡಿಸುವವನು 40 ಇಟ್ಟುಕೊಂಡು ಗೆದ್ದವನಿಗೆ 360 ಕೊಟ್ಟನೆನ್ನೋಣ. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಅವನ ಕೈಸೇರಿದ್ದು 400. ನಾಲ್ವರೂ ಸಮಬಲದ ಬುದ್ಧಿವಂತರಾಗಿದ್ದರೂ ಪ್ರತಿಯೊಬ್ಬನ 100 ರೂಪಾಯಿ ಹೋಯಿತು. "ಎಲ್ಲರ ಬುದ್ಧಿಯೂ ಸೇರಿ ದುಡಿದದ್ದು ಯಾರಿಗಪ್ಪಾ?" ಎಂದಾಗ ಹುಡುಗ ತಲೆ ತಗ್ಗಿಸಿದ. ತಂದೆ ತಿಂಗಳುಗಟ್ಟಲೆ ಮಗನೊಡನೆ ಮಾತು ಬಿಟ್ಟಿದ್ದ. "ಹೊಡೆದರೆ ಹುಡುಗ ಕದ್ದು ಆಡುತ್ತಾನೆ, ಜೊತೆಗೆ ಕೂಡಿಸಿಕೊಂಡರೆ ಉಳಿಯುತ್ತಾನೆ" ಎಂದು ಅವನಿಗೂ ತಿಳಿಹೇಳಬೇಕಾಯಿತು. ಎರಡು ಹಂಗಾಮು ತಂದೆಯ ಜೊತೆಗೆ ದುಡಿದು ಹುಡುಗ ಬಾಕಿ ತೀರಿಸಿದ.

ಆಗ ನನಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಆ ಶರಣ ದಂಪತಿಗಳ ಊರು ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರವೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು. ದುಡಿದು ತಂದ ಅಕ್ಕಿಯಲ್ಲಿಯೇ ಅತಿಯಾಸೆಯನ್ನು ಒಪ್ಪದ ಆ ತಾಯಿ, ಮತ್ತೊಬ್ಬ ಸೋತದ್ದರಿಂದ ಬಂದ ಹಣವನ್ನು ಮನೆಯ ಹೊಸ್ತಿಲು ದಾಟಗೊಡುತ್ತಿದ್ದಳೇ?

ಕೊನೆಗೆ ಸಂಸತ್ತೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಆನ್‌ಲೈನ್ ಆಟಗಳ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳಿಗೆ ಅದು ಪ್ರೋತ್ಸಾಹ ಕೊಡುತ್ತದೆ. ಹಣದ ಆಟವನ್ನು, ಅದು ಬುದ್ಧಿಯದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುತ್ತದೆ. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಕೋಟಿ ರೂಪಾಯಿಯವರೆಗೆ ದಂಡ; ಜಾಹೀರಾತು ಮಾಡುವವನಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿ ಸೋತವನಿಗೆ ಶಿಕ್ಷೆಯಿಲ್ಲ. ಈ ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಕಾನೂನಿನ ದಾರಿ ಕಾನೂನಿಗಿರಲಿ, ಮನೆಯ ಕಾವಲು ಮನೆಯವರದೇ ಅಲ್ಲವೇ?

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ವಿನಂತಿ. ಮೊಬೈಲನ್ನು ಕಸಿದುಕೊಳ್ಳುವ ಮೊದಲು ಮಗುವಿನ ಪಕ್ಕದಲ್ಲಿ ಕುಳಿತು ಮೂರು ಮಾತು ಕೇಳಿರಿ. ಈ ಆಟಕ್ಕೆ ಹಣ ಕಟ್ಟಬೇಕೇ? ಗೆದ್ದರೆ ಹಣ ಬರುವುದೇ? ಆಯುಧ, ಉಡುಪು ಎಂದು ಒಳಗೆ ಏನನ್ನಾದರೂ ಕೊಳ್ಳಲು ಹೇಳುತ್ತದೆಯೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ, ಹೊತ್ತು ಗೊತ್ತುಮಾಡಿ ಆಡಗೊಡಿರಿ. ಹಣ ಪಾವತಿಯ ಗುಪ್ತಸಂಖ್ಯೆಯನ್ನು ಮಕ್ಕಳ ಕೈಗೆ ಕೊಡಬೇಡಿರಿ. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ, ಮನಸ್ಸು ಕುಗ್ಗಿದರೆ 14416ಕ್ಕೆ ಕರೆಮಾಡಬಹುದು. ಆಟ ಬಿಡಲಾಗದ ಗೀಳಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಲ್ಲಿ ತೆರೆದ ಚಿಕಿತ್ಸಾಲಯವಿದೆ.

ಆಟವನ್ನು ಅರಿಯದೆ ಬೈಯುವ ಹಿರಿಯನ ಮಾತನ್ನು ಮಕ್ಕಳು ಕೇಳಲಾರರು. ಅರಿತು ಹೇಳಿದರೆ ಕಿವಿಗೊಡುತ್ತಾರೆ. ಈ ವಯಸ್ಸಿನಲ್ಲಿ ಹುಡುಗರ ಸುದ್ದಿಯನ್ನು ನಾನು ಓದುತ್ತಿರುವುದು, ಬರೆಯುತ್ತಿರುವುದು ಅದಕ್ಕಾಗಿ. ಬರೆಯುವ ಹಾಸು ನಾಳೆ ಮತ್ತೆ ಬದಲಾದೀತು. ಆಟದ ಹೆಸರೂ ಬದಲಾದೀತು. ಆಟ ಯಾವುದು, ಜೂಜು ಯಾವುದು ಎಂದು ಬೇರ್ಪಡಿಸಿ ಹೇಳುವ ಹಿರಿಯರೊಬ್ಬರು ಪ್ರತಿ ಮನೆಯಲ್ಲಿಯೂ ಇರಲಿ.