ಎಲೆ ಬೇರೆ, ಎಣ್ಣೆ ಬೇರೆ

ಸಹೋದರಿಯರೇ, ನಿಮ್ಮ ಅಡುಗೆಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ. ಓಮ, ಮೆಂತ್ಯ, ಲವಂಗ, ಕರಿಜೀರಿಗೆಯ ಡಬ್ಬಿಗಳ ಪಕ್ಕದಲ್ಲಿ ನೀಲಗಿರಿ ಎಣ್ಣೆಯ ಪುಟ್ಟ ಬಾಟಲಿ, ಒಂದಿಷ್ಟು ಕರ್ಪೂರ, ಯಾವುದಾದರೊಂದು ಬಾಮ್ ಇದ್ದೇ ಇರುತ್ತದೆ. ಮಗುವಿಗೆ ಶೀತವಾಗಲಿ, ಅಜ್ಜಿಗೆ ಮಂಡಿ ನೋಯಲಿ, ನಮ್ಮ ಕೈ ಮೊದಲು ಹೋಗುವುದು ಅಲ್ಲಿಗೇ. ಡಾಕ್ಟರರ ಮಾತು ಆಮೇಲೆ.

ನಾನಿರುವ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಮನೆಯ ಮುಂದೆ ಅಂಗಳ ಇರುವವರು ಕಡಿಮೆ. ಆದರೂ ಮೆಟ್ಟಿಲ ಮೇಲಿನ ಹಳೆಯ ಬಕೆಟ್ಟಿನಲ್ಲಿ ದೊಡ್ಡಪತ್ರೆ, ಪುದೀನ ಬೆಳೆಯುತ್ತವೆ. ಶಿವಾಜಿನಗರಕ್ಕೆ ಹೋದವರು ರಸೆಲ್ ಮಾರುಕಟ್ಟೆಯ ಸುತ್ತಮುತ್ತಲಿಂದ ಅತ್ತರು, ಕಲೊಂಜಿ ಎಣ್ಣೆ ಕೊಂಡು ಬರುತ್ತಾರೆ. ಈಚೆಗೆ ಅಪಾರ್ಟ್‌ಮೆಂಟುಗಳಲ್ಲಿ ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳೂ, ಕೋಣೆಗೆ ಪರಿಮಳ ಹರಡುವ ಯಂತ್ರಗಳೂ ಬಂದಿವೆ. ಬಡವರಿರಲಿ, ಸಿರಿವಂತರಿರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ಇದು ಗಿಡಮೂಲಿಕೆ, ಇದರಿಂದ ಏನೂ ತೊಂದರೆಯಿಲ್ಲ."

ಇದು ನಿಜವೇ?

ಎಣ್ಣೆಗಳಲ್ಲಿ ಎರಡು ಬಗೆ ಇದೆ. ಎಳ್ಳು, ಕೊಬ್ಬರಿ, ಕರಿಜೀರಿಗೆಯನ್ನು ಗಾಣದಲ್ಲಿ ಹಿಂಡಿ ತೆಗೆಯುವುದು ಒಂದು. ಎಲೆ, ಹೂವು, ಕಟ್ಟಿಗೆಯನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿ ಭಟ್ಟಿ ಇಳಿಸುವುದು ಇನ್ನೊಂದು. ಒಂದು ಕಾಗದದ ಮೇಲೆ ಎರಡನ್ನೂ ಒಂದೊಂದು ಹನಿ ಹಾಕಿ ನೋಡಿ. ಕೊಬ್ಬರಿ ಎಣ್ಣೆಯ ಕಲೆ ಉಳಿಯುತ್ತದೆ, ನೀಲಗಿರಿ ಎಣ್ಣೆ ಆರಿ ಹೋಗುತ್ತದೆ. ನೂರು ಕಿಲೋ ನೀಲಗಿರಿ ಎಲೆಯಿಂದ ಸಿಗುವ ಎಣ್ಣೆ ಸುಮಾರು ಒಂದು ಕಿಲೋ ಮಾತ್ರ. ಅಂದರೆ 30 ಮಿ.ಲೀ. ಬಾಟಲಿಯಲ್ಲಿ ಸುಮಾರು ಮೂರು ಕಿಲೋ ಎಲೆಯ ಸತ್ವ ಅಡಗಿದೆ! ಮೂರು ಕಿಲೋ ಎಲೆಯನ್ನು ನಮ್ಮಲ್ಲಿ ಯಾರಾದರೂ ಅರೆದು ಮಗುವಿಗೆ ಹಚ್ಚುತ್ತೇವೆಯೇ?

ನನ್ನ ಅತ್ತೆ ಕೋಲಾರದ ಕಡೆಯವರು. ಮನೆಯವರೆಲ್ಲ ಅವರನ್ನು ಅಮ್ಮಿ ಎನ್ನುತ್ತೇವೆ. ಮದ್ದು ಕೇಳಲು ನೆರೆಯ ಹೆಂಗಸರೂ ಅವರ ಬಳಿ ಬರುತ್ತಾರೆ. ಹೋದ ಚಳಿಗಾಲದಲ್ಲಿ ನಾದಿನಿ ಐದು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಕೂಸಿಗೆ ಮೂಗು ಕಟ್ಟಿತು. ಅಮ್ಮಿ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ, ನೀಲಗಿರಿ ಎಣ್ಣೆ ಬೆರೆಸಿ, ಎದೆಗೂ ಮೂಗಿನ ಕೆಳಗೂ ಹಚ್ಚಲು ಕೂತರು.

ನನ್ನ ಎದೆ ಡವಗುಟ್ಟಿತು. ಅವರ ಕೈಯನ್ನು ತಡೆಯುವುದು ಹೇಗೆ? ನಾಲ್ಕು ಮಕ್ಕಳನ್ನು ಸಾಕಿದ ಕೈ ಅದು. "ಅಮ್ಮಿ, ನಿಮ್ಮ ಮಕ್ಕಳಿಗೆ ಶೀತವಾದಾಗ ಊರಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ.

"ಓಮವನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಒತ್ತುತ್ತಿದ್ದೆ. ದೊಡ್ಡಪತ್ರೆ ಎಲೆಯನ್ನು ಹಂಚಿನ ಮೇಲೆ ಬಾಡಿಸಿ ನೆತ್ತಿಗೆ ಇಡುತ್ತಿದ್ದೆ."

"ಈ ಬಾಟಲಿ ಆಗ ಇತ್ತಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಮ್ಮ, ಇದು ಬೆಂಗಳೂರಿಗೆ ಬಂದ ಮೇಲೆ" ಎಂದರು. ಬಾಮಿನ ಡಬ್ಬಿಯ ಮೇಲೆ ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಬರೆದದ್ದನ್ನು ಓದಿ ಹೇಳಿದೆ. ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ ಓಮದ ಡಬ್ಬಿ ತರಿಸಿಕೊಂಡರು. ಗಂಟಿನ ಬಿಸಿಯನ್ನು ತಮ್ಮ ಮಣಿಕಟ್ಟಿನ ಮೇಲೆ ನೋಡಿಕೊಂಡೇ ಕೂಸಿಗೆ ಒತ್ತಿದರು. ಮರುದಿನ ಕೂಸನ್ನು ಡಾಕ್ಟರರಿಗೂ ತೋರಿಸಿದೆವು.

ಇಷ್ಟಕ್ಕೆಲ್ಲ ಹೆದರಬೇಕೇ ಎಂದು ನೀವು ಕೇಳಬಹುದು. ಹಸುಗೂಸಿನ ಮೂಗಿನ ಬಳಿ ಕರ್ಪೂರ, ಪುದೀನ ಸತ್ವ ಹಚ್ಚಿದರೆ ಉಸಿರು ಸಿಕ್ಕಿಕೊಳ್ಳುವ ಅಪಾಯವಿದೆ. ಒಂದು ಗ್ರಾಂ ಕರ್ಪೂರ ನುಂಗಿ ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡದ್ದೂ ವೈದ್ಯರ ದಾಖಲೆಗಳಲ್ಲಿದೆ. ದೊಡ್ಡವರ ಕಥೆಯೂ ಕೇಳಿ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನರರೋಗ ತಜ್ಞರು ಬೇರೆ ಆಸ್ಪತ್ರೆಗಳ ವೈದ್ಯರೊಂದಿಗೆ ಸೇರಿ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಫಿಟ್ಸ್ ಬಂದಿದ್ದ 350 ಮಂದಿ ವಯಸ್ಕರಲ್ಲಿ 55 ಮಂದಿಯ ಫಿಟ್ಸ್‌ಗೆ ಇಂಥ ಎಣ್ಣೆಗಳ ನಂಟಿತ್ತು. ಮುಖ್ಯವಾಗಿ ನೀಲಗಿರಿ ಮತ್ತು ಕರ್ಪೂರ! ಕುಡಿದವರು ಮಾತ್ರವಲ್ಲ, ಮೂಸಿದವರೂ ಮೈಗೆ ಹಚ್ಚಿಕೊಂಡವರೂ ಅವರಲ್ಲಿದ್ದರು.

ಹಾಗೆಂದು ಗಿಡಮೂಲಿಕೆಯನ್ನು ಹಳಿಯಬೇಕಾಗಿಲ್ಲ. ಕರಿಜೀರಿಗೆಯ ಗುಣವನ್ನು ಪ್ರವಾದಿಯವರು(ಸ) ಕೊಂಡಾಡಿದ್ದಾರೆ. ಆದರೆ ವೈದ್ಯ ತಿಳಿಯದೆ ಚಿಕಿತ್ಸೆಗೆ ಕೈಹಾಕಿದವನು ಹಾನಿಗೆ ತಾನೇ ಹೊಣೆ ಎಂಬ ಅರ್ಥದ ಹದೀಸ್ ಕೂಡಾ ಅಬೂದಾವೂದ್ ಸಂಗ್ರಹದಲ್ಲಿದೆ. ಮೊದಲನೆಯದು ನಮ್ಮೆಲ್ಲರಿಗೂ ಬಾಯಿಪಾಠ. ಎರಡನೆಯದು ಎಷ್ಟು ಮಂದಿಗೆ ನೆನಪಿದೆ? ಹಕೀಮರು ರೋಗಿಯ ವಯಸ್ಸು, ಮೈಗುಣ ನೋಡಿ ಮದ್ದನ್ನು ತೂಗಿ ಕೊಡುವವರು. ಯುನಾನಿಯಲ್ಲಿ ನಂಬಿಕೆಯಿದ್ದವರಿಗೆ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ಸರಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ಕಲಿತವರನ್ನು ಕೇಳಿ ಮದ್ದು ಮಾಡಿದರೆ ನಮ್ಮ ಹಳೆಯ ವಿದ್ಯೆಗೂ ಮರ್ಯಾದೆ.

ಆದ್ದರಿಂದ ಕೆಲವು ಮಾತುಗಳನ್ನು ನೆನಪಿಡಿ. ಭಟ್ಟಿ ಇಳಿಸಿದ ಎಣ್ಣೆಯನ್ನು ಸಕ್ಕರೆಯಲ್ಲಾಗಲಿ ನೀರಿನಲ್ಲಾಗಲಿ ಹಾಕಿ ಕುಡಿಸಬೇಡಿ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೇ ಸಾಕು, ದೊಡ್ಡಪತ್ರೆಯ ರಸವೂ ಬೇಡ. ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಬೇಡಿ. ಫಿಟ್ಸ್ ಇರುವವರ ಮನೆಯಲ್ಲಿ ನೀಲಗಿರಿ, ಕರ್ಪೂರ ಇಲ್ಲದಿರುವುದೇ ಲೇಸು. ದೊಡ್ಡವರು ಮೈಗೆ ಹಚ್ಚುವುದಾದರೂ ಒಂದೆರಡು ಹನಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿಕೊಳ್ಳಿ. ಬಾಟಲಿ ಮಕ್ಕಳ ಕೈಗೆ ಎಟುಕದಿರಲಿ. ಮಗು ಅಪ್ಪಿತಪ್ಪಿ ಕುಡಿದರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಮನೆಯ ಹಿರಿಯರಿಗೆ ಇದನ್ನು ಹೇಳುವಾಗ ದನಿ ಏರಿಸಬೇಡಿ. ಅವರು ಕಲಿತದ್ದು ಎಲೆಯ ವಿದ್ಯೆ, ಅದರಲ್ಲಿ ಅವರು ತಪ್ಪಿದವರಲ್ಲ. ಅಂಗಡಿಯ ಬಾಟಲಿ ಅದೇ ಎಲೆಯ ಹೆಸರು ಹೊತ್ತು ಅವರ ಕೈಗೆ ಬಂದಿದೆ, ಅಷ್ಟೇ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವರಿಗೆ ಓದಿ ಹೇಳುವ ಕೆಲಸ ನಾಲ್ಕಕ್ಷರ ಕಲಿತ ನಮ್ಮದು.