ಬಲೂನು ನೋಡಿ ಹೇಳ್ತೀನಮ್ಮ

"ಅದೆಲ್ಲ ಬೇಡ. ಸುಂಟರಗಾಳಿ ಬರುತ್ತೋ ಇಲ್ವೋ, ಅಷ್ಟು ಹೇಳು."

2019ರ ಮೇ 20, ಸೋಮವಾರ ಬೆಳಿಗ್ಗೆ ಅಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಆಗ ನಾನು ಅಮೆರಿಕದ ಒಕ್ಲಹೋಮಾ ರಾಜ್ಯದ ನಾರ್ಮನ್‌ನಲ್ಲಿ ಎಂ.ಎಸ್. ಓದ್ತಾ ಇದ್ದೆ. ಸುಂಟರಗಾಳಿಯ ಅಪಾಯ ಅತಿ ಹೆಚ್ಚು ಅಂತ ಮುನ್ಸೂಚನೆ ಬಂದು ಒಕ್ಲಹೋಮಾ ಸಿಟಿಯ ಶಾಲೆಗಳಿಗೆ ರಜಾ ಕೊಟ್ಟಿದ್ದರು. 2013ರಲ್ಲಿ ಇದೇ ಮೇ 20ರಂದು ಪಕ್ಕದ ಮೂರ್ ಎಂಬ ಊರಲ್ಲಿ 24 ಜನ ಸತ್ತಿದ್ದರು. ಇದನ್ನ ಮಾತ್ರ ಅಮ್ಮನಿಗೆ ಹೇಳಿರಲಿಲ್ಲ.

ನನ್ನ ಧೈರ್ಯವೆಲ್ಲ ಹವಾಮಾನ ಬಲೂನಿನ ಗ್ರಾಫ್ ಮೇಲಿತ್ತು. ಬಲೂನಿಗೆ ಕಟ್ಟಿದ ರೇಡಿಯೋಸಾಂಡ್ ಎಂಬ ಪುಟ್ಟ ಡಬ್ಬಿ ಮೇಲೇರುತ್ತಾ ಉಷ್ಣತೆ, ತೇವಾಂಶ, ಗಾಳಿಯ ವೇಗ, ದಿಕ್ಕು ಎಲ್ಲ ಕಳಿಸುತ್ತೆ. ಸುಮಾರು 30 ಕಿ.ಮೀ. ಎತ್ತರದಲ್ಲಿ ಬಲೂನು ಒಡೆದು ಹೋಗುತ್ತೆ. ದಿನಕ್ಕೆರಡು ಸಲ, ಜಗತ್ತಿನಾದ್ಯಂತ ಒಂದೇ ಹೊತ್ತಿಗೆ; ನಾರ್ಮನ್‌ನ ಬೆಳಿಗ್ಗೆ 7ರ ಬಲೂನು ಬೆಂಗಳೂರಿನ ಸಂಜೆ 5.30ರದ್ದು. ಇಂಥ ದಿನ ನಡುವೆ ಇನ್ನಷ್ಟು ಬಿಡ್ತಾರೆ.

ನೆಲದ ಹತ್ತಿರ ಬಿಸಿ, ತೇವದ ಗಾಳಿ, ಮೇಲೆ ಥಂಡಿ ಇದ್ದರೆ ಮೋಡಕ್ಕೆ ಬೇಕಾದ ಶಕ್ತಿ ಸಿಕ್ಕಂತೆ. ಕೆಳಗಿನ ಗಾಳಿ ಆಗ್ನೇಯದಿಂದ ನಿಧಾನಕ್ಕೆ, ಮೇಲಿನದು ನೈಋತ್ಯದಿಂದ ಜೋರಾಗಿ ಬೀಸ್ತಿದ್ದರೆ ನಡುವಿನ ಗಾಳಿ ಮಲಗಿದಲ್ಲೇ ಸುತ್ತತೊಡಗುತ್ತೆ. ಅಜ್ಜಿ ಎರಡು ಅಂಗೈ ನಡುವೆ ಹತ್ತಿ ಇಟ್ಟು ಬತ್ತಿ ಹೊಸೀತಾರಲ್ಲ, ಹಾಗೆ. ಮೋಡದೊಳಕ್ಕೆ ಏರುವ ಗಾಳಿ ಆ ಬತ್ತಿಯನ್ನ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಇಡೀ ಮೋಡವೇ ತಿರುಗೋಕೆ ಶುರು.

ಅವತ್ತಿನ ಗ್ರಾಫಿನಲ್ಲಿ ಶಕ್ತಿಯೂ ಇತ್ತು, ಬತ್ತಿಯೂ ಇತ್ತು. ಕೋಡ್ ಬರೆಯೋ ಬುದ್ಧಿ ನೋಡಿ, ಇನ್‌ಪುಟ್ ಎಲ್ಲ ಸರಿಯಿದ್ದರೆ ಔಟ್‌ಪುಟ್ ಬರಲೇಬೇಕು ಅಂದುಕೊಂಡೆ. ರೂಮ್‌ಮೇಟ್‌ನ ಸೈಕಲ್ ಹೆಲ್ಮೆಟ್ ಹಾಕ್ಕೊಂಡು, ಪಾಸ್‌ಪೋರ್ಟ್ ಜೇಬಲ್ಲಿಟ್ಟು, ಸ್ನಾನದ ಟಬ್ಬಿನಲ್ಲಿ ಕೂತೆ. ಕಾಲು ಜೋಮು ಹಿಡೀತೇ ಹೊರತು ಮಳೆ ಬಿಟ್ಟು ಬೇರೇನೂ ಬರಲಿಲ್ಲ :-) ಆದರೆ ರಾಜ್ಯದ ಇನ್ನೊಂದು ಮೂಲೆಯ ಮ್ಯಾಂಗಮ್ ಊರಿಗೆ ಅದೇ ದಿನ ಸುಂಟರಗಾಳಿ ಹೊಡೆಯಿತು.

ಆಮೇಲೆ ಓದಿ ತಿಳ್ಕೊಂಡಿದ್ದು: ತಿರುಗುವ ಮೋಡಗಳಲ್ಲೂ ಹೆಚ್ಚಿನವು ಸುಂಟರಗಾಳಿ ಹುಟ್ಟಿಸೋದಿಲ್ಲ. ಮಳೆಯಿಂದ ತಣ್ಣಗಾಗಿ ಮೋಡದ ಕೆಳಗೆ ಹರಡುವ ಗಾಳಿ ಎಷ್ಟು ಥಂಡಿ ಅನ್ನೋದು ಕೂಡ ಲೆಕ್ಕಕ್ಕೆ ಬರುತ್ತೆ. ಎಲ್ಲೋ ದೂರದಲ್ಲಿ, ಗಂಟೆಗಟ್ಟಲೆ ಮುಂಚೆ ಹಾರಿದ ಬಲೂನಿಗೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೇ 2009 ಮತ್ತು 2010ರಲ್ಲಿ ವೋರ್ಟೆಕ್ಸ್-2 ತಂಡದವರು ಗಾಡಿಗಳಲ್ಲಿ ಮೋಡದ ಹಿಂದೆ ಬಿದ್ದು, ಅದರ ಆಸುಪಾಸಿನಲ್ಲೇ ಬಲೂನು ಬಿಟ್ಟಿದ್ದು.

ರಾತ್ರಿ ಮತ್ತೆ ಅಮ್ಮನ ಫೋನು.

"ಬರಲಿಲ್ಲ ತಾನೇ?"

"ಇಲ್ಲಿಗೆ ಬರಲಿಲ್ಲ."

"ನಾಳೆ?"

"ಬೆಳಿಗ್ಗೆ 7ರ ಬಲೂನು ನೋಡಿ ಹೇಳ್ತೀನಮ್ಮ."