ಒಂದು ಸ್ಪೇಸ್ ಬಿದ್ದಿದ್ದಕ್ಕೆ...

ಮುಂಬ್ರಾದ ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಅಪ್ಪ ಊರಿಂದ ಬರೆದ ಕಾಗದಗಳ ಸ್ಕ್ಯಾನುಗಳಿದ್ದವು. ಮೂಲ ಕಾಗದಗಳು 2005ರ ಜುಲೈ 26ರ ಮಳೆಯಲ್ಲಿ ನೆನೆದು ಹಾಳಾಗಿದ್ದವು. ಅದೇ ಫೋಲ್ಡರಿನಲ್ಲಿ ಸೇರಿಕೊಂಡಿದ್ದ ನೂರಾರು 'ಡಾಟ್ ಟಿಎಂಪಿ' ಫೈಲುಗಳನ್ನು ಒಟ್ಟಿಗೇ ಅಳಿಸೋಣ ಅಂತ ಒಂದು ರಾತ್ರಿ ಕೂತೆ. 'ಆರ್‌ಎಂ ಸ್ಟಾರ್ ಡಾಟ್ ಟಿಎಂಪಿ' ಅಂತ ಹೊಡೆಯುವಾಗ ಸ್ಟಾರ್ ಆದಮೇಲೆ ಒಂದು ಸ್ಪೇಸ್ ಬಿತ್ತು ನೋಡಿ... ಬರೀ ಸ್ಟಾರ್ ಅಂದ್ರೆ ಎಲ್ಲಾ ಫೈಲೂ! ಫೋಲ್ಡರ್ ಖಾಲಿ. ಆರ್‌ಎಂ ಕಸದ ಬುಟ್ಟಿಗೆ ಹಾಕಿಡೋದಿಲ್ಲ, ಅಳಿಸಿಯೇ ಬಿಡುತ್ತೆ.

1998ರಲ್ಲಿ ಪಿಕ್ಸಾರಿನಲ್ಲೂ ಇಂಥದ್ದೇ ಆಗಿ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಫೈಲುಗಳು ಹೋಗಿದ್ದವು, ಬ್ಯಾಕಪ್ಪೂ ಕೈಕೊಟ್ಟಿತ್ತು. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಬಳಿಯಿದ್ದ ನಕಲು ಚಿತ್ರವನ್ನು ಉಳಿಸಿತು. ನನ್ನನ್ನು ಉಳಿಸಿದ್ದು ಊರಲ್ಲಿ ತಂಗಿ ಹತ್ರ ಇದ್ದ ಸೀಡಿ. ಆದರೆ ಸೀಡಿ ಕೊಟ್ಟಮೇಲೆ ಸ್ಕ್ಯಾನ್ ಮಾಡಿದ್ದ ಎರಡು ಕಾಗದ ಅದರಲ್ಲಿರಲಿಲ್ಲ.

ಈಗ ಮೊದಲು ಇನ್ನೊಂದು ನಕಲು ಮಾಡ್ತೀನಿ. ಆಮೇಲೆ 'ಫೈಂಡ್' ಕಮಾಂಡಿನಿಂದ ಬರೀ ಪಟ್ಟಿ ನೋಡ್ತೀನಿ. ಪಟ್ಟಿ ಸರಿಯಿದ್ದರೆ ಮಾತ್ರ ಅದೇ ಸಾಲಿನ ತುದಿಗೆ 'ಡಿಲೀಟ್' ಸೇರಿಸ್ತೀನಿ. ತುದಿಗೇ, ಮರೀಬೇಡಿ, ಫೈಲಿನ ಹೆಸರಿಗಿಂತ ಮುಂಚೆ ಹಾಕಿದರೆ ಅದೂ ಎಲ್ಲವನ್ನೂ ಅಳಿಸುತ್ತೆ.

ಆ ಎರಡರಲ್ಲಿ ಒಂದು, ಅಪ್ಪನ ಕೊನೆಯ ಕಾಗದ.